ಕಂಪೌಂಡರ್ ಸುಂದರಿಯ ಲ್ಯಾಟಿನ್

ಡೊಂಬಿವಲಿ ಪೂರ್ವದ ಮಾನಪಾಡಾ ರಸ್ತೆಯಲ್ಲಿ ಡಾಕ್ಟರ್ ಪುಂಡರೀಕಾಕ್ಷರ ದವಾಖಾನೆ ಇದ್ದಷ್ಟು ಕಾಲವೂ ಅದರ ಮರದ ಅಡ್ಡಗೋಡೆಯ ಹಿಂದೆ ಸುಂದರಿ ಇದ್ದಳು. ಗೋಡೆಯಲ್ಲಿ ಅಂಗೈಯಗಲದ ಒಂದು ಕಿಂಡಿ. ಡಾಕ್ಟರು ಬರೆದ ಚೀಟಿ ಅದರೊಳಗಿಂದ ಹೋಗುತ್ತಿತ್ತು, ಔಷಧಿ ಹೊರಗೆ ಬರುತ್ತಿತ್ತು. ಮೂವತ್ತನಾಲ್ಕು ವರ್ಷ ಜನರು ನೋಡಿದ್ದು ಅವಳ ಕೈಯನ್ನು ಮಾತ್ರ. ಆ ಕೈಯಲ್ಲಿ ಕೆಂಪು ಮಿಕ್ಸ್ಚರಿನ ಬಾಟಲಿ, ಬಾಟಲಿಯ ಮೈಮೇಲೆ ಬಿಳಿ ಕಾಗದದ ಉದ್ದನೆಯ ಪಟ್ಟಿ.

ಆ ಪಟ್ಟಿಯನ್ನು ಕತ್ತರಿಸುವುದು ಕಸುಬಿನ ಕೆಲಸ. ಕಾಗದವನ್ನು ಅಳತೆಗೆ ಸರಿಯಾಗಿ ಮಡಚಿ, ಮಡಿಕೆಯ ಮೂಲೆಗೆ ಒಮ್ಮೆ ಕತ್ತರಿ ಇಟ್ಟರೆ, ಬಿಚ್ಚಿದಾಗ ಅಂಚಿನುದ್ದಕ್ಕೂ ಕಚ್ಚುಗಳು. ಒಂದು ಕಚ್ಚಿಗೆ ಒಂದು ಡೋಸು. ಓದಲು ಬಾರದವರೂ ಕಚ್ಚು ನೋಡಿ ಕುಡಿದು ಗುಣವಾದರು. ಅಂಟನ್ನು ಅವಳೇ ಕಾಯಿಸುತ್ತಿದ್ದಳು: ಮೈದಾ, ನೀರು, ಒಂದು ಚಿಟಿಕೆ ಪಟಿಕ. ಒದ್ದೆ ಕೈಯಲ್ಲಿ ಹಿಡಿದರೂ ಪಟ್ಟಿ ಜಾರಬಾರದು. ಹಚ್ಚಿದ ಮೇಲೆ ಹೆಬ್ಬೆರಳಿನಿಂದ ಒತ್ತಿ ಹಿಡಿದು ತುಳುವಿನಲ್ಲಿ ಹತ್ತು ಎಣಿಸುತ್ತಿದ್ದಳು. ಹತ್ತಾಗದೆ ಬಾಟಲಿ ಕಿಂಡಿ ದಾಟುತ್ತಿರಲಿಲ್ಲ. ಹೊರಗೆ ಯಾರು ಎಷ್ಟು ಗೊಣಗಿದರೂ ಅಷ್ಟೇ.

ಕಾಪುವಿನ ಹುಡುಗಿ, ಎಸ್ಸೆಸ್ಸೆಲ್ಸಿ ಸೆಕೆಂಡ್ ಕ್ಲಾಸು. ಠಾಣೆಯ ಹೋಟೆಲೊಂದರಲ್ಲಿ ದೋಸೆಕಲ್ಲಿನ ಮುಂದೆ ನಿಲ್ಲುತ್ತಿದ್ದ ದೇವದಾಸನನ್ನು ಮದುವೆಯಾಗಿ ಇಲ್ಲಿಗೆ ಬಂದಳು. ದವಾಖಾನೆ ಸೇರಿದ ಮೊದಲ ವಾರವೇ ಚೀಟಿಯ ಮೇಲಿನ ಟಿ.ಡಿ.ಎಸ್. ಎಂಬ ಮೂರಕ್ಷರ ತೋರಿಸಿ ಡಾಕ್ಟರನ್ನು ಕೇಳಿದಳು.

"ದಿನಕ್ಕೆ ಮೂರು ಸಲ ಅಂತ," ಎಂದರು ಡಾಕ್ಟರು.

"ಅದು ಗೊತ್ತುಂಟು ಡಾಕ್ಟ್ರೇ. ಇದರ ಹೊಟ್ಟೆಯೊಳಗೆ ಎಂತ ಉಂಟು?"

ಡಾಕ್ಟರು ಕನ್ನಡಕ ತೆಗೆದು ಅವಳನ್ನು ನೋಡಿದರು. ಅವರು ಡಾಕ್ಟರಾದ ಹದಿನೈದು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಅದು. 'ತೆರ್ ದಿಯೆ ಸುಮೆಂದುಮ್' ಎಂದು ಬರೆದುಕೊಟ್ಟರು. ಲ್ಯಾಟಿನ್, ಎಂದರು. ಆಡುವವರಿಲ್ಲದ ಭಾಷೆ, ಎಂದೂ ಹೇಳಿದರು.

ಆ ಕೊನೆಯ ಮಾತನ್ನು ಸುಂದರಿ ನಂಬಲಿಲ್ಲ. ಸ್ಟೇಷನ್ ಹತ್ತಿರದ ರದ್ದಿ ಅಂಗಡಿಯಲ್ಲಿ ರಟ್ಟು ಕಳಚಿದ ಒಂದು ಲ್ಯಾಟಿನ್ ನಿಘಂಟು ಸಿಕ್ಕಿತು. ಅದನ್ನು ಓದಲು ಇಂಗ್ಲಿಷ್ ಬೇಕಾಗಿತ್ತು, ಅದನ್ನೂ ಕಲಿತಳು. ರೋಗಿಗಳು ಕಡಿಮೆಯಿದ್ದ ಮಧ್ಯಾಹ್ನಗಳಲ್ಲಿ ಡಾಕ್ಟರು ಕಲಿಸಿದರು. ಒಂದು ದಿನ ಅವರು, "ಡಾಕ್ಟರ್ ಅನ್ನುವ ಶಬ್ದಕ್ಕೆ ಲ್ಯಾಟಿನ್ನಿನಲ್ಲಿ ಕಲಿಸುವವನು ಅಂತ ಅರ್ಥ. ಔಷಧಿ ಕೊಡುವವನು ಅಂತ ಅಲ್ಲ," ಎಂದರು. ಅದನ್ನು ಅವಳು ಬರೆದಿಟ್ಟುಕೊಂಡಳು.

ಬರೆದದ್ದು ಹಳೆಯ ಕೇಸ್ ಪೇಪರುಗಳ ಬೆನ್ನಿಗೆ. ಮುಂದೆ ರೋಗಿಯ ಹೆಸರು, ವಯಸ್ಸು, ಕಾಯಿಲೆ. ಹಿಂದೆ ಒಂದು ಶಬ್ದ, ಅದರ ಹುಟ್ಟೂರು, ಅದು ನಡೆದು ಬಂದ ದಾರಿ, ಮತ್ತು ಕಡೆಯ ಸಾಲಿನಲ್ಲಿ 'ಯಾರ ಬಾಯಿಂದ'. ಈ ಕಡೆಯ ಸಾಲನ್ನು ಅವಳಿಗೆ ಯಾವ ನಿಘಂಟೂ ಕಲಿಸಿರಲಿಲ್ಲ. ದವಾಖಾನೆಯಲ್ಲಿ ಹೆಸರಿಲ್ಲದ ಕಾಗದ ಇರುವುದಿಲ್ಲ, ಅಷ್ಟೇ.

'ಪಾವ್' ಸಿಕ್ಕಿದ್ದು ಕೈ ಸುಟ್ಟುಕೊಂಡು ಬಂದ ವಡೆ ಮಾರುವ ಮರಗಮ್ಮನ ಬಾಯಿಂದ. ಲ್ಯಾಟಿನ್ನಿನ ಪಾನಿಸ್ ಪೋರ್ಚುಗೀಸರ ಹಡಗಿನಲ್ಲಿ ಪಾಂವ್ ಆಗಿ ಬಂದು ಡೊಂಬಿವಲಿ ಸ್ಟೇಷನ್ನಿನ ಎದುರು ವಡೆಯ ಜೊತೆ ಕೂತಿತ್ತು. ಹಾಗೆಯೇ ಕ್ಲಾವಿಸ್ ಚಾವಿಯಾಗಿತ್ತು. ಎರಡು ಸಲ ಬೇಯಿಸಿದ್ದು ಎಂಬ ಮಾತು ಬಿಸ್ಕತ್ತಾಗಿ ಚಹಾದಲ್ಲಿ ಮುಳುಗುತ್ತಿತ್ತು. ಎಲ್ಲರಿಗಾಗಿ ಎಂಬ ಅರ್ಥದ ಓಮ್ನಿಬುಸ್ ತಲೆ ಕಳೆದುಕೊಂಡು, ಬರೀ ಬಸ್ಸಾಗಿ ಭಿವಂಡಿಗೆ ಹೋಗುತ್ತಿತ್ತು. 'ಮೇಜು' ಎಂಬಲ್ಲಿ ಮಾತ್ರ 'ಖಚಿತವಿಲ್ಲ, ಪಾರಸಿಯವರೂ ತಮ್ಮದೆನ್ನುತ್ತಾರೆ' ಎಂದು ಬರೆದಿದ್ದಳು. ಗೊತ್ತಿಲ್ಲದ್ದನ್ನು ಗೊತ್ತು ಅನ್ನುವ ಅಭ್ಯಾಸ ಅವಳಿಗಿರಲಿಲ್ಲ.

'ಪಗಾರ' ಕೊಟ್ಟವಳು ರುದ್ರವ್ವ. ವಿಜಯಪುರ ಕಡೆಯವಳು, ಸುಂದರಿಯ ಚಾಳಿನಲ್ಲೇ ಎರಡು ಬಾಗಿಲು ಆಚೆ ಇದ್ದವಳು. ಆ ಶಬ್ದಕ್ಕೆ ಲ್ಯಾಟಿನ್ನಿನಲ್ಲಿ ಸಮಾಧಾನಪಡಿಸು ಎಂಬರ್ಥವಿತ್ತು ಎಂದು ಸುಂದರಿ ಹೇಳಿದಾಗ ರುದ್ರವ್ವ ನಕ್ಕುಬಿಟ್ಟಳು. "ಎಲ್ಲೀ ಸಮಾಧಾನ ಬೇ ಸುಂದ್ರಕ್ಕ? ಪಗಾರ ಬಂದ ದಿನಾನ ನಮ್ಮನ್ಯಾಗ ಜಗಳ!" ಅದನ್ನೂ ಸುಂದರಿ ಅದೇ ಕಾಗದದಲ್ಲಿ ಬರೆದಳು.

ಡಾಕ್ಟರು ತೀರಿಕೊಂಡರು. ದವಾಖಾನೆ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಬಂತು. ಕೇಸ್ ಪೇಪರುಗಳನ್ನೆಲ್ಲ ಗೋಣಿಚೀಲದಲ್ಲಿ ತುಂಬಿ ಸುಂದರಿ ಮನೆಗೆ ತಂದಳು. ಅತ್ತಳೇ ಎಂದು ಯಾರಾದರೂ ಕೇಳಿದರೆ, ಇಲ್ಲ. ಚೀಲ ಭಾರವಿತ್ತು, ಅತ್ತುಕೊಂಡು ಹೊರಲು ಬರುವುದಿಲ್ಲ.

ಕೆಲವು ವರ್ಷಗಳ ಮೇಲೆ ಯತಿನ್ ಹುಡುಕಿಕೊಂಡು ಬಂದ. ಚಿಕ್ಕಂದಿನಲ್ಲಿ ಅವಳ ಕೆಂಪು ಮಿಕ್ಸ್ಚರ್ ಕುಡಿದು ಬೆಳೆದವನು, ಈಗ ಕಲ್ಯಾಣದಲ್ಲಿ ನರ್ಸಿಂಗ್ ಕ್ಲಾಸು ನಡೆಸುತ್ತಿದ್ದ. ಮಕ್ಕಳಿಗೆ ಚೀಟಿ ಓದಲು ಕಲಿಸಬೇಕು ಎಂದ. ಸುಂದರಿ ನಾಲ್ಕು ವರ್ಷ ಕಲಿಸಿದಳು, ಒಡಕು ಮರಾಠಿಯಲ್ಲಿ, ಕರಾರುವಾಕ್ಕಾಗಿ. ಮೊದಲು ಆಯಾಗಳನ್ನು ಕರೆಯುವಂತೆ ಮಾವಶಿ ಎನ್ನುತ್ತಿದ್ದ ಹುಡುಗಿಯರು ಎರಡೇ ವಾರದಲ್ಲಿ ಬಾಯಿ ಎನ್ನತೊಡಗಿದರು. ಆ ಊರಲ್ಲಿ ಟೀಚರನ್ನು ಕರೆಯುವುದು ಹಾಗೆ.

ಈ ವರ್ಷ ಮಾನ್ಯತೆ ಕೊಡುವ ಸಮಿತಿ ಬರುವುದಿತ್ತು. ಕ್ಲಾಸಿಗೆ ತನ್ನದೇ ಪಠ್ಯಪುಸ್ತಕವಿದ್ದರೆ ಒಳ್ಳೆಯದು ಎಂದು ಯತಿನನಿಗೆ ತೋರಿತು. ಗೋಣಿಚೀಲ ಮತ್ತೆ ಹೊರಗೆ ಬಂತು. ಅಲ್ಲಿನ ಇನ್ನೊಬ್ಬ ಟೀಚರ್, ಆಯುರ್ವೇದ ಓದಿದ ಡಾಕ್ಟರ್ ಶ್ರದ್ಧಾ, ಉಡುಪಿ ಮೂಲದವಳು, ಹುಟ್ಟಿದ್ದು ಇಲ್ಲೇ. ಕನ್ನಡ ಕೇಳಿದರೆ ಗೊತ್ತಾಗುತ್ತಿತ್ತು, ಓದಲು ಬರುತ್ತಿರಲಿಲ್ಲ. ಸುಂದರಿ ಓದಿ ಹೇಳಿದಳು, ಶ್ರದ್ಧಾ ಮರಾಠಿಯಲ್ಲಿ ಟೈಪು ಮಾಡಿದಳು. ಎಂಟು ಶನಿವಾರ.

ಪುಸ್ತಕದ ಮುಖಪುಟ ತಯಾರಾದ ದಿನ ಯತಿನ್ ಅದನ್ನು ಕಂಪ್ಯೂಟರಿನಲ್ಲಿ ತೋರಿಸಿದ. ಲೇಖಕಿ: ಡಾ. ಶ್ರದ್ಧಾ. ಅಷ್ಟೇ.

"ನಾನೆಲ್ಲಿ?" ಎಂದಳು ಸುಂದರಿ.

"ಆಂಟಿ, ಸಮಜ್ಕೊಳ್ಳಿ ನಾ. ಕಮಿಟಿಯವ್ರು ಡಿಗ್ರಿ ನೋಡ್ತಾರೆ. ಎಸ್ಸೆಸ್ಸೆಲ್ಸಿಯವ್ರು ಟೆಕ್ಸ್ಟ್‌ಬುಕ್ ಬರ್ದಿದ್ದಾರೆ ಅಂದ್ರೆ ನಗ್ತಾರೆ ಲೋಗ್. ನಿಮ್ಮ ಹೆಸ್ರು ಆಭಾರದಲ್ಲಿದೆ, ಲಾಸ್ಟ್ ಪೇಜ್."

ಕೊನೆಯ ಪುಟದಲ್ಲಿತ್ತು. ಶ್ರೀಮತಿ ಸುಂದರಿ, ಹಿರಿಯ ಸೇವಿಕೆ. ಸೇವಿಕೆ ಎಂದರೆ ಇಲ್ಲಿ ನೆಲ ಒರೆಸಿ ಚಹಾ ಕೊಡುವವಳು. ಅದು ಕೀಳು ಕೆಲಸ ಎಂದು ಸುಂದರಿ ತಿಳಿದವಳಲ್ಲ. ಆದರೆ ಅದು ಅವಳು ಮಾಡಿದ ಕೆಲಸವಲ್ಲ. ಒಳಪುಟಗಳನ್ನು ತಿರುಗಿಸಿ ನೋಡಿದರೆ 'ಯಾರ ಬಾಯಿಂದ' ಎಂಬ ಸಾಲು ಎಲ್ಲಿಯೂ ಇಲ್ಲ. ಮರಗಮ್ಮ ಇಲ್ಲ. ರುದ್ರವ್ವ ಇಲ್ಲ.

"ಒಂದೊಂದು ಶಬ್ದದ ಹುಟ್ಟೂರು ಬರೆದದ್ದು ಈ ಪುಸ್ತಕ," ಎಂದಳು ಸುಂದರಿ. "ಪುಸ್ತಕದ ಹುಟ್ಟೂರು ಮಾತ್ರ ಅಡಗಿಸಿ ಇಡಬೇಕಾ ಯತಿನ್?"

"ಡಾಕ್ಟರ್ ಅಂತ ಒಂದು ಹೆಸ್ರು ಬೇಕು ಆಂಟಿ."

"ಡಾಕ್ಟರ್ ಅಂದ್ರೆ ಕಲಿಸುವವರು. ಕಲಿಸಿದ್ದು ಯಾರು, ಆ ಹುಡುಗಿಯರನ್ನು ಕೇಳು."

ಅವನು ಕೇಳಲಿಲ್ಲ. ಪುಸ್ತಕ ಬಿಡುಗಡೆಯ ಫಂಕ್ಷನ್ನಿನಲ್ಲಿ ಅವಳಿಗೆ ಶಾಲು ಹೊದಿಸುವುದಾಗಿ ಹೇಳಿದ. ಶ್ರದ್ಧಾ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದಳು.

ಮನೆಯಲ್ಲಿ ದೇವದಾಸ್ ಎಲ್ಲ ಕೇಳಿ, "ಬಿಡು ಮಾರಾಯ್ತಿ. ಶಾಲು ಕೊಟ್ರೆ ಹೊದ್ಕೊಂಡು ಬಾ," ಎಂದ.

"ಈ ಡೊಂಬಿವಲಿಯಲ್ಲಿ ಶಾಲು ಹೊದೆಯುವಷ್ಟು ಚಳಿ ಯಾವಾಗ ಇತ್ತು?"

"ಮತ್ತೆ ಎಂತ ಮಾಡ್ತಿ? ಅಲ್ಲಿ ಹೋಗಿ ಗಲಾಟೆ ಮಾಡ್ತಿಯಾ?"

"ಗಲಾಟೆ ಯಾಕೆ? ನಂಗೆ ಬರುವ ಕೆಲಸ ಮಾಡ್ತೇನೆ." ಅವಳು ಮೈದಾ ಡಬ್ಬಿ ಕೆಳಗಿಳಿಸಿದಳು.

ಮರುದಿನ ಬೆಳಗ್ಗೆ ರುದ್ರವ್ವ ಬಂದು ನೋಡುವಾಗ ನೆಲದ ತುಂಬ ಬಿಳಿ ಪಟ್ಟಿಗಳು. ಒಂದೊಂದರ ಅಂಚಿಗೂ ಕಚ್ಚು. ಒಂದೊಂದರ ಮೇಲೂ ಮರಾಠಿಯಲ್ಲಿ ದುಂಡಗಿನ ಕೈಬರಹ: 'ಕೂಡಿಸಿದವರು ಸುಂದರಿ, ಕಂಪೌಂಡರ್, ಡೊಂಬಿವಲಿ. ಮರಾಠಿಗೆ ತಂದವರು ಡಾ. ಶ್ರದ್ಧಾ. ಮಾತು ಕೊಟ್ಟವರು ಡಾ. ಪುಂಡರೀಕಾಕ್ಷರ ದವಾಖಾನೆಯ ರೋಗಿಗಳು.'

"ಆ ಹುಡುಗೀ ಹೆಸರ ಯಾಕ ಹಾಕೀದಿ ಬೇ? ನಿನ್ನ ಹೆಸರ ನುಂಗ್ಯಾಳ ಆಕಿ!"

"ಅವಳು ನುಂಗಿದ್ದಲ್ಲ, ಅವಳಿಗೆ ನುಂಗಿಸಿದ್ದು. ಟೈಪು ಮಾಡಿದ್ದು ಅವಳೇ ಅಲ್ವಾ? ಅದು ಸುಳ್ಳಾ?"

"ಕಚ್ಚು ಯಾಕ ಮತ್ತ? ಇದೇನ ಕುಡಿಯೂ ಔಷಧೇನ?"

"ಕಚ್ಚಿಲ್ಲದ ಪಟ್ಟಿ ನನ್ನದು ಅಂತ ಯಾರಿಗೆ ಗೊತ್ತಾಗ್ತದೆ?"

ರುದ್ರವ್ವ ಸೆರಗು ಸಿಕ್ಕಿಸಿ ಕತ್ತರಿ ಎತ್ತಿಕೊಂಡಳು.

ಬಿಡುಗಡೆಯ ದಿನ ಮಧ್ಯಾಹ್ನ ಇಬ್ಬರೂ ಸ್ಲೋ ಲೋಕಲ್ ಹಿಡಿದು ಕಲ್ಯಾಣಕ್ಕೆ ಹೋದರು. ಒಬ್ಬಳ ಕೈಯಲ್ಲಿ ಪಟ್ಟಿಗಳ ಚೀಲ, ಇನ್ನೊಬ್ಬಳ ಕೈಯಲ್ಲಿ ಅಂಟಿನ ಡಬ್ಬಿ. ಹಾಲಿನ ಬಾಗಿಲಲ್ಲೇ ಮೇಜು, ಮೇಜಿನ ಮೇಲೆ ಇನ್ನೂರು ಪುಸ್ತಕ, ಪಕ್ಕದಲ್ಲಿ ಪ್ಲಾಸ್ಟಿಕ್ ಸುತ್ತಿದ ಶಾಲು. ಸಮಿತಿಯ ಅಧ್ಯಕ್ಷರ ಕಾರು ಶಿಳಫಾಟಾದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿದೆ ಎಂದು ಯಾರೋ ಹೇಳುತ್ತಿದ್ದರು. ಯತಿನ್ ಫೋನು ಹಿಡಿದು ರಸ್ತೆಗೆ ಹೋಗಿದ್ದ.

ಸುಂದರಿ ಕುರ್ಚಿ ಎಳೆದುಕೊಂಡು ಕೂತಳು. ಬ್ರಷ್ಷು ಅದ್ದಿದಳು, ಲೇಖಕಿಯ ಹೆಸರಿದ್ದ ಜಾಗಕ್ಕೆ ಸರಿಯಾಗಿ ಪಟ್ಟಿ ಇಟ್ಟಳು. ರುದ್ರವ್ವ ಸಾಲಾಗಿ ಜೋಡಿಸಿಕೊಂಡು ಬರಿಯ ಅಂಗೈಯಿಂದ ಒತ್ತುತ್ತ ಹೋದಳು. ಹುಡುಗಿಯರು ಸುತ್ತ ಬಂದು ನಿಂತರು. ಯಾರೂ ತಡೆಯಲಿಲ್ಲ. ಬಾಯಿ ಏನೋ ಮಾಡುತ್ತಿದ್ದಾರೆ ಎಂದರೆ ಅದು ಮಾಡಬೇಕಾದ್ದೇ ಎಂದು ಅವರಿಗೆ ಅಭ್ಯಾಸವಾಗಿತ್ತು.

ಯತಿನ್ ಒಳಗೆ ಬಂದಾಗ ನೂರು ದಾಟಿತ್ತು.

"ಆಂಟಿ! ಯೆ ಕ್ಯಾ? ಏನ್ ಮಾಡ್ತಿದ್ದೀರಿ?" ಅವನು ಅಂಟು ಒಣಗಿದ್ದ ಒಂದು ಪುಸ್ತಕ ಕಿತ್ತುಕೊಂಡು ಪಟ್ಟಿಯ ತುದಿಗೆ ಉಗುರು ಹಾಕಿ ಎಳೆದ. ಪಟ್ಟಿ ಬಂತು. ಅದರ ಜೊತೆಗೆ ಮುಖಪುಟದ ಬಣ್ಣವೂ, ಕೆಳಗಿದ್ದ 'ಡಾ. ಶ್ರದ್ಧಾ'ವೂ ಬಂದವು. ಅಲ್ಲಿ ಬಿಳಿಯ ಹರಕು ಗುರುತು ಮಾತ್ರ ಉಳಿಯಿತು.

"ಎಳಿ," ಎಂದಳು ಸುಂದರಿ. "ಇನ್ನೂರನ್ನೂ ಎಳಿ. ಆಮೇಲೆ ಯಾರೂ ಬರೆಯದ ಪುಸ್ತಕವನ್ನು ಕಮಿಟಿಗೆ ಕೊಡು."

"ನಾಳೆಯಿಂದ ಕ್ಲಾಸಿಗೆ ಬರ್ಬೇಡಿ ನೀವು. ಖತಮ್."

"ಬರುವುದಿಲ್ಲ."

ನಾಲ್ಕು ವರ್ಷದ ಕ್ಲಾಸು ಅಲ್ಲಿಗೆ ಮುಗಿಯಿತು. ಅದು ಅವಳಿಗೆ ಮನೆಯಿಂದ ಹೊರಡುವಾಗಲೇ ಗೊತ್ತಿತ್ತು. ಮತ್ತೆ ಬ್ರಷ್ಷು ಅದ್ದಿದಳು.

ಮೇಜಿನ ಇನ್ನೊಂದು ಬದಿಯಲ್ಲಿ ಶ್ರದ್ಧಾ ಬಂದು ನಿಂತಳು. ಹೊಸ ಸೀರೆ, ಕೊರಳ ಹತ್ತಿರ ಹೂವಿನ ಬ್ಯಾಡ್ಜು. ಒಂದು ಪಟ್ಟಿ ಎತ್ತಿಕೊಂಡು ಓದಿದಳು, ತನ್ನ ಹೆಸರಿದ್ದ ಸಾಲನ್ನು ಎರಡು ಸಲ. ಆಮೇಲೆ ಬ್ಯಾಡ್ಜು ಬಿಚ್ಚಿ ಶಾಲಿನ ಮೇಲಿಟ್ಟು, "ಅಂಟು ಇಕಡೆ ಸರ್ಸಿ ಬಾಯಿ," ಎಂದಳು. ಅವಳು ಆಡಿದ ಕನ್ನಡ ಅಷ್ಟೇ. ಸಾಕಾಗಿತ್ತು.

"ಶ್ರದ್ಧಾ ಮ್ಯಾಡಮ್, ನೌಕರಿ ಹೋಗ್ತದೆ," ಎಂದ ಯತಿನ್. ಅವಳು ಮುಂದಿನ ಪುಸ್ತಕ ಎಳೆದುಕೊಂಡಳು.

ಅಧ್ಯಕ್ಷರು ಬೆವರೊರೆಸಿಕೊಳ್ಳುತ್ತ ಒಳಬಂದಾಗ ಒಂದೇ ಪುಸ್ತಕ ಬಾಕಿಯಿತ್ತು. ಮೇಜಿನ ಬಳಿ ಜನ ಗುಂಪಾದದ್ದು ನೋಡಿ ಅವರು ನೇರ ಅಲ್ಲಿಗೇ ಬಂದರು. ಯತಿನ್ ಮಾತಾಡಲು ಬಾಯಿ ತೆರೆಯುವಷ್ಟರಲ್ಲಿ ಅವರು ಸುಂದರಿಯ ಕೈಯಲ್ಲಿದ್ದ ಪುಸ್ತಕಕ್ಕೆ ಕೈ ಚಾಚಿದರು.

"ನೋಡಬಹುದಾ?" ಎಂದು ಮರಾಠಿಯಲ್ಲಿ ಕೇಳಿದರು. "ಬರೆದವರು ಯಾರು?"

"ನಾನು," ಎಂದಳು ಸುಂದರಿ. "ಸ್ವಲ್ಪ ನಿಲ್ಲಿ. ಇನ್ನೂ ಹಿಡಿದಿಲ್ಲ."

ಪಟ್ಟಿಯ ಮೇಲೆ ಹೆಬ್ಬೆರಳಿಟ್ಟು ಒತ್ತಿ ಹಿಡಿದಳು. ಅಧ್ಯಕ್ಷರ ಕೈ ಚಾಚಿದಂತೆಯೇ ಇತ್ತು. ಒಂಜಿ, ರಡ್ಡ್, ಮೂಜಿ ಎಂದು ಅವಳು ಎಣಿಸತೊಡಗಿದಳು. ಹತ್ತಾಗುವವರೆಗೆ ಪುಸ್ತಕ ಬಿಡಲಿಲ್ಲ.