ಪುಡಿ ಹಾಕದ ಎರಡು ದಿನ

ಬೈಂದೂರು ಕಡೆಯ ನಮ್ಮ ಊರಿಗೆ ನೀರು ಬಿಡುತ್ತಿದ್ದವರು ಅವರು. ಹೊಳೆಯ ಉಪ್ಪು ಮನೆಬಾವಿಗಳಿಗೆಲ್ಲ ಹತ್ತಿದ್ದರಿಂದ ಬೇಸಿಗೆಯಲ್ಲಿ ಪಂಚಾಯತಿನ ಟ್ಯಾಂಕಿಯೇ ಗತಿ. ಬ್ಲೀಚಿಂಗ್ ಪುಡಿ ಮೆತ್ತಿದ ಕೈಗಳನ್ನು ಲುಂಗಿಗೆ ಒರೆಸುತ್ತ ಏಣಿ ಇಳಿದು, ಬುಡದ ನಲ್ಲಿಯಿಂದ ಒಂದು ಬೊಗಸೆ ನೀರನ್ನು ತಾವೇ ಕುಡಿದು, ಆಮೇಲೆ ವಾಲ್ವ್ ತಿರುಗಿಸುತ್ತಿದ್ದರು. ಯಾರಾದರೂ ಗೊಣಗಿದರೆ, "ವಾಸ್ನಿ ಬಂದ್ರೆ ಬರ್ಲಿ, ನೀರಿನ ಹುಳ ಸಾಯ್ಬೇಕಲ್ದಾ?" ಎನ್ನುವರು.

ನನ್ನ ಮಗಳ ಮದುವೆಗೆ ಮನೆ ತುಂಬ ನೆಂಟರು. ಕಾಫಿಗೂ ವಾಸನೆ ಎಂದು ಮುಖ ಹುಳ್ಳಗೆ ಮಾಡುತ್ತಿದ್ದರು. ನೀರು ಬಿಡುವವರನ್ನು ಕರೆದು, "ಎರ್ಡ್ ದಿನ ಪುಡಿ ಹಾಕ್ಬೇಡಿ ಮಾರಾಯ್ರೆ," ಎಂದೆ.

"ಬ್ಯಾಡ ಅಕ್ಕಾ. ಟ್ಯಾಂಕಿಗೆ ನೀರ್ ಬಪ್ಪು ಬಾವಿ ತಳ ಮುಟ್ಟಿತ್, ಕೆಸ್ರ್ ಬತ್ತಾ ಇತ್ತ್."

ಆಗ ನಾನು ಪಂಚಾಯತಿನಲ್ಲಿ ನಮ್ಮ ವಾರ್ಡಿನ ಸದಸ್ಯೆ. ಮತ್ತೊಮ್ಮೆ ಗಟ್ಟಿಯಾಗಿ ಹೇಳಿದಾಗ ತಲೆಯಾಡಿಸಿದರು.

ಆ ವಾರವೇ ನಾಲ್ಕಾರು ಮನೆಯ ಮಕ್ಕಳಿಗೆ ವಾಂತಿಭೇದಿಯಾಯಿತು. ಎಲ್ಲರೂ ಆಸ್ಪತ್ರೆಯಿಂದ ಗುಣವಾಗಿ ಬಂದರು, ಆದರೆ ಊರಿನ ಸಿಟ್ಟು ಇಳಿಯಲಿಲ್ಲ. ಪಂಚಾಯತಿನ ಸಭೆಯಲ್ಲಿ ಅಧ್ಯಕ್ಷರು ಅವರನ್ನು ನಿಲ್ಲಿಸಿ, "ಪುಡಿ ಎಂತಕೆ ಹಾಕ್ಲಿಲ್ಲ? ಯಾರಾರೂ ಬ್ಯಾಡ ಅಂದ್ರಾ?" ಎಂದು ಕೇಳಿದರು.

"ಯಾರೂ ಹೇಳ್ಲಿಲ್ಲ. ನಂಗೇ ಮರ್ತ್ ಹೋಯ್ತ್," ಎಂದರು.

ಅವರನ್ನು ಕೆಲಸದಿಂದ ತೆಗೆಯುವ ನಿರ್ಣಯಕ್ಕೆ ಎದುರಿನ ಕುರ್ಚಿಯಲ್ಲಿದ್ದ ನಾನೂ ಸಹಿ ಹಾಕಿದೆ.

ತಿಂಗಳಾದ ಮೇಲೆ ಕ್ಷಮೆ ಕೇಳಲೆಂದೇ ಅವರ ಮನೆಗೆ ಹೋದೆ. ಬೆಲ್ಲ, ನೀರು ತಂದಿಟ್ಟು, ಎದುರು ಕೂತು, "ಮಗ್ಳ್ ಆರಾಮಿದ್ಲಾ ಅಕ್ಕಾ?" ಎಂದು ಕೇಳಿದರು. ಆರಾಮಿದ್ದಾಳೆ ಎಂದಷ್ಟೇ ಹೇಳಿ ಎದ್ದು ಬಂದೆ.