ಎಂಟರಲ್ಲಿ ಮೂರು ಕಳೆದರೂ ಎಂಟೇ

ಗೆಳೆಯರೇ, ಇವತ್ತು ಎರಡನೇ ತರಗತಿಯ ಹುಡುಗಿಯೊಬ್ಬಳ ಮುಂದೆ ತಪ್ಪು ಒಪ್ಪಿಕೊಂಡು ಬಂದಿದ್ದೇನೆ.

ಮಲೆಬೆನ್ನೂರಿನ ನಮ್ಮ ಶಾಲೆಗೆ ಈ ವರ್ಷ ಸೇರಿದ ನೂರಿನ್ ಮನೆಯಲ್ಲಿ ಮಾತಾಡುವುದು ಉರ್ದು. ಎಣಿಸುವುದರಲ್ಲಿ ಬಲು ಚುರುಕು. ಆದರೆ ‘ಎಂಟರಲ್ಲಿ ಮೂರು ಕಳೆ’ ಎಂದರೆ ಒಂದು ವಾರದಿಂದ ಎಂಟು ಎಂದೇ ಬರೆಯುತ್ತಿದ್ದಳು. ನಾನು ಬೈದೆ, ಉಳಿದ ಮಕ್ಕಳು ನಕ್ಕರು. ನಿನ್ನೆಯಿಂದ ಗಣಿತದ ಹೊತ್ತಿಗೆ ಸರಿಯಾಗಿ ಅವಳಿಗೆ ಹೊಟ್ಟೆನೋವು ಶುರುವಾಗಿತ್ತು.

ಇವತ್ತು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದೆ: “ಮೂರು ಕಳೆದ ಮೇಲೂ ಎಂಟು ಹೆಂಗವ್ವಾ?”

“ಹುಡುಕಿದ್ರೆ ಸಿಗ್ತಾವಲ್ರಿ ಟೀಚರ್. ನಮ್ಮ ಆಡು ಕಳದು ಹೋಗ್ತಾವು. ಅಮ್ಮಿ ಹುಡುಕ್ಕೊಂಡು ಬರ್ತಾಳೆ. ಸಂಜಿಗೆ ಎಂಟೂ ಮನ್ಯಾಗ ಇರ್ತಾವು.”

ಅವಳಿಗೆ ಗೊತ್ತಿದ್ದ ಕಳೆಯುವಿಕೆ ಅದೊಂದೇ. ಮೇಜಿನ ಮೇಲೆ ಎಂಟು ಹುಣಸೆಬೀಜ ಇಟ್ಟು, “ಇದ್ರಾಗ ಮೂರು ತೆಗೆದ್ರೆ ಎಷ್ಟು ಉಳೀತಾವು?” ಎಂದೆ. ಬೀಜ ಮುಟ್ಟುವ ಮೊದಲೇ “ಐದು” ಎಂದಳು.

“ಲೆಕ್ಕದಾಗ ಕಳೆಯೋದು ಅಂದ್ರೆ ತೆಗೆಯೋದು. ನಾನು ಹೇಳಿರ್ಲಿಲ್ಲ, ನಂದೇ ತಪ್ಪು.”

ಅವಳು ಬೀಜ ಗುಡ್ಡೆ ಮಾಡುತ್ತಾ, “ಹೋಗ್ಲಿ ಬಿಡ್ರಿ ಟೀಚರ್” ಎಂದಳು.

ಹದಿನಾಲ್ಕು ವರ್ಷದಿಂದ ಈ ಪದ ಕಲಿಸುತ್ತಿದ್ದೇನೆ. ಅದು ಕಿವಿಗೆ ಏನಾಗಿ ಬೀಳುತ್ತದೆ ಎಂದು ಒಂದು ಮಗುವನ್ನೂ ಕೇಳಿರಲಿಲ್ಲ. ಎಷ್ಟು ಮಕ್ಕಳು ಸುಮ್ಮನೆ ಬೈಸಿಕೊಂಡರೋ.

ನಾಳೆ ಎರಡಂಕಿಯ ಕೂಡುವ ಲೆಕ್ಕ. ‘ಕೂಡ್ರಿ’ ಎಂದರೆ ಎಲ್ಲರೂ ಕುಳಿತೇಬಿಡುವ ಊರು ನಮ್ಮದು. ಅರ್ಥ ಹೇಳಿಯೇ ಶುರುಮಾಡಬೇಕು.