ಪಲ್ಲಡಂನಲ್ಲೊಂದು ಸಡುಗುಡು

ಬಸ್ಸು ಬರುವ ಮುಂಚೆಯೇ ಬರೆದುಬಿಡುತ್ತೇನೆ. ತಡಮಾಡಿದರೆ ನನ್ನ ನೆನಪು ಇದಕ್ಕೆ ಬಣ್ಣ ಹಚ್ಚುತ್ತದೆ.

ತಮಿಳುನಾಡಿನ ಪಲ್ಲಡಂನ ಹಳೆಯ ಮಗ್ಗದ ಶೆಡ್ಡಿನಲ್ಲಿ ಉಚಿತವಾಗಿ ಕೃತಕ ಕಾಲು ಜೋಡಿಸುತ್ತಾರೆ. ನಡೆಸುವವನು ಇದೇ ಊರಿನ ವೃತ್ತಿಪರ ಕಬಡ್ಡಿ ಆಟಗಾರ ಸೆಂದಿಲ್. ಪಂದ್ಯಗಳಿಲ್ಲದ ತಿಂಗಳೆಲ್ಲ ಇಲ್ಲೇ ಇರುತ್ತಾನೆ. ಇವತ್ತು ಅವನೆದುರು ರಂಗಮ್ಮಾಳ್ ಎಂಬ ಕನ್ನಡದ ನೇಕಾರ ಹೆಂಗಸು ಹೊಸ ಕಾಲು ತೊಟ್ಟು, ಕಂಬಿ ಹಿಡಿದು ನಿಂತಿದ್ದರು. ನಡೆದರೆ ಮತ್ತೆ ಮಗ್ಗದ ಕೆಲಸ ಸಿಗುತ್ತದೆ. ಆದರೆ ಕಂಬಿ ಬಿಡಲು ಭಯ.

“ಕಾಲ್ ನೋಡ್ಬೇಡ ಅತ್ತೆ. ಉಸ್ರು ಕಟ್ಟಿ ಸಡುಗುಡು ಹೇಳ್ತಾ ಬಂದು ನನ್ನ ಮುಟ್ಟು,” ಎಂದ ಸೆಂದಿಲ್. ಕಬಡ್ಡಿಗೆ ಇಲ್ಲಿ ಸಡುಗುಡು ಎನ್ನುತ್ತಾರೆ.

“ಈ ವಯಸ್ಸಲ್ಲಿ ಸಡುಗುಡುವಾ? ನಿಂಗೇನ್ ಪೈತ್ಯಾನಾ ತಂಬಿ, ತಲೆ ಕೆಟ್ಟಿದ್ಯಾ?”

ಬೈದರೂ ಉಸಿರೆಳೆದುಕೊಂಡರು. “ಸಡುಗುಡು ಸಡುಗುಡು...” ಗಮನವೆಲ್ಲ ಉಸಿರಿನ ಮೇಲೆ. ಕೈ ಕಂಬಿ ಬಿಟ್ಟದ್ದು ಯಾವಾಗ? ನೋಡುತ್ತಲೇ ಇದ್ದೆ, ಆದರೂ ಹೇಳಲಾರೆ. ಸೆಂದಿಲ್ ಹಿಂದೆ ಹಿಂದೆ ಸರಿದ. ಬಾಗಿಲ ಬಳಿ ರಂಗಮ್ಮಾಳ್ ಅವನ ಎದೆಗೇ ಬಡಿದರು.

“ಔಟ್! ಹೊರಗ್ ಹೋಗು!”

“ಅದೆಂಗೆ? ಮುಟ್ಟಿ ನಿನ್ನ ಕಡೆಗೆ ವಾಪಸ್ ಹೋದ್ರೆ ತಾನೇ ನಾನು ಔಟು?”

“ಮೋಸಗಾರ!” ಎಂದು ರೇಗಿ, ರಂಗಮ್ಮಾಳ್ ಸೀರೆಯ ನೆರಿಗೆ ಎತ್ತಿ ಹಿಡಿದು ಕಂಬಿಯತ್ತ ತಿರುಗಿ ನಡೆದರು.